ಟೈಮ್ ಆಫೀಸ್ ಮೇಡಂ ಮಲಗಿದ ಮಂಚಗಳು

ನಮ್ಮ ಬೀದಿಯಲ್ಲಿ ಯಾರೇ ಹಾಸಿಗೆ ಹಿಡಿದರೂ ಅವರ ಮಂಚದ ಮೇಲೆ ಒಂದು ಸಲ ಮಲಗಿ ಎದ್ದವರು ಟೈಮ್ ಆಫೀಸ್ ಮೇಡಂ. ಕಾಯಿಲೆ ಬಂದು ಅಲ್ಲ. ರೋಗಿಯನ್ನು ನೋಡಿಕೊಳ್ಳಲು ಬಂದ ಹೆಂಗಸಿನ ಕೈ ಹೇಗಿದೆ ಎಂದು ಪರೀಕ್ಷೆ ಮಾಡಲು. ಮೊದಲು ಮನೆಯವರು ನಿಜವಾದ ರೋಗಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಬೇಕು. ಆಮೇಲೆ ಅವರು ಕೈಗಡಿಯಾರ ಬಿಚ್ಚಿ ದಿಂಬಿನ ಪಕ್ಕ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉದ್ದಕ್ಕೆ ಮಲಗಿ, ಬಾಯನ್ನು ಸ್ವಲ್ಪ ಸೊಟ್ಟ ಮಾಡಿ, "ಹೂಂ, ಈಗ ನಾನ ರೋಗಿ. ಎಬ್ಬಸು ನನ್ನ," ಎನ್ನುತ್ತಿದ್ದರು. ಅವರ ತೂಕವೂ ಕಡಿಮೆಯದಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಹಾಗಾಗಿ ನಾನೂ ಹೆಸರು ಬರೆಯುವುದಿಲ್ಲ. ಪೀಣ್ಯದ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ, ಅಂದರೆ ಕೆಲಸಗಾರರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ನೋಡುವ ಗೇಟಿನ ಪಕ್ಕದ ಕೋಣೆಯಲ್ಲಿ, ನಿವೃತ್ತಿಯವರೆಗೂ ಕೆಲಸ ಮಾಡಿದ್ದರು. ಆದ್ದರಿಂದ ಎಲ್ಲರಿಗೂ ಅವರು ಟೈಮ್ ಆಫೀಸ್ ಮೇಡಂ. ರಾಣೆಬೆನ್ನೂರು ಕಡೆಯವರು. ಬೆಂಗಳೂರಿನ ಅಂಚಿನ ನಮ್ಮ ಮಾಕಳಿಯಲ್ಲಿ ಇನ್ನೂ ರಾಗಿ ಹೊಲಗಳಿದ್ದ ಕಾಲದಲ್ಲಿ ಸೈಟು ತೆಗೆದುಕೊಂಡು, ಸಣ್ಣದೊಂದು ಮನೆ ಕಟ್ಟಿಸಿ, ತಾಯಿಯನ್ನು ಕರೆತಂದು ಇಟ್ಟುಕೊಂಡಿದ್ದರು. ಬೆಂಗಳೂರಿನ ನೀರು ಅಷ್ಟು ವರ್ಷ ಕುಡಿದರೂ ಮಾತು ಮಾತ್ರ ಊರಿನದೇ ಉಳಿದಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಆಗಿದ್ರ ಒಬ್ಬನ ದಾರಿ ಕಾಯಬೇಕಿತ್ತು. ಈಗ ಇಡೀ ಫ್ಯಾಕ್ಟರಿ ದಾರಿ ಕಾಯ್ದೆ," ಅಂದಿದ್ದರಂತೆ.

ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಯಾರು ಏನೇ ಹೇಳಲಿ, ಮೊದಲು ಕೈ ತಿರುಗಿಸಿ ಗಡಿಯಾರ ನೋಡಿ ಆಮೇಲೆ ಉತ್ತರ ಕೊಡುವುದು. ಯಾರಿಗಾದರೂ ಮಗು ಹುಟ್ಟಿದ ಸುದ್ದಿ ಹೇಳಿದರೂ ಅಷ್ಟೇ, ಮಗು ಲೇಟಾಗಿ ಬಂತೋ ಏನೋ ಎಂಬಂತೆ ಒಮ್ಮೆ ಗಡಿಯಾರ ನೋಡುವರು. ಬೆಳಿಗ್ಗೆ ನಾನು ಫ್ಯಾಕ್ಟರಿ ವ್ಯಾನಿಗೆ ಓಡುವಾಗ ಅವರು ತಮ್ಮ ಗೇಟಿನಲ್ಲಿ ನಿಂತಿರುತ್ತಿದ್ದರು. ನನಗೆ ಸಂಬಳ ಕೊಡುವವರೂ ಅವರಲ್ಲ, ನನ್ನ ಫ್ಯಾಕ್ಟರಿಯೂ ಅವರದಲ್ಲ. ಆದರೂ ಅವರನ್ನು ಕಂಡರೆ ನನ್ನ ಓಟ ಇನ್ನೂ ಜೋರಾಗುತ್ತಿತ್ತು. ನಮ್ಮ ವ್ಯಾನಿನ ಡ್ರೈವರ್ ಕೂಡ, "ಬೇಗ ಹತ್ತಕ್ಕಾ, ಟೈಮ್ ಆಫೀಸ್ ನೋಡ್ತಾವ್ರೆ," ಎನ್ನುತ್ತಿದ್ದ. ಮಾತು ಮುಗಿಯಿತು ಎನ್ನುವುದಕ್ಕೆ ಅವರದು ಒಂದೇ ಮಾತು: "ಆತು, ಗೇಟ್ ಮುಚ್ಚೈತಿ." ಆಮೇಲೆ ದೇವರೇ ಬಂದು ಕೇಳಿದರೂ ತೆರೆಯುತ್ತಿರಲಿಲ್ಲ.

ಅವರ ಹತ್ತಿರ ನಾನು ಹೋದದ್ದು ನಮ್ಮ ಅತ್ತೆಗೆ ಲಕ್ವ ಹೊಡೆದಾಗ. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ನಮ್ಮ ಯಜಮಾನರು ಕಂಪನಿ ಬಸ್ಸು ಓಡಿಸುತ್ತಾರೆ, ನಾನು ಪ್ಯಾಕಿಂಗ್ ಸೆಕ್ಷನ್ನಿನಲ್ಲಿ. ಹಗಲು ಮನೆಯಲ್ಲಿ ಯಾರೂ ಇಲ್ಲ. ಯಾರೋ ಕೊಟ್ಟ ಏಜೆನ್ಸಿ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಪಟಪಟ ಎಂದು, "ನಿಮ್ಗೆ ಅಟೆಂಡರ್ ಬೇಕಾ, ನರ್ಸ್ ಬೇಕಾ ಮೇಡಂ? ಡೇ ಡ್ಯೂಟಿನಾ, ಟ್ವೆಂಟಿಫೋರ್ ಅವರ್ಸಾ?" ಅಂದಳು. ನನಗೆ ಒಂದೂ ತಿಳಿಯಲಿಲ್ಲ. "ಒಳ್ಳೇವ್ರು ಬೇಕಮ್ಮಾ," ಅಂದೆ. ಅವಳು ನಕ್ಕು, "ಆ ಆಪ್ಷನ್ ಇಲ್ಲ ಮೇಡಂ," ಅಂದಳು.

ಇದನ್ನು ಟೈಮ್ ಆಫೀಸ್ ಮೇಡಂಗೆ ಹೇಳಿದಾಗ ಅವರು ಗಡಿಯಾರ ನೋಡಿ, ಚಪ್ಪಲಿ ಹಾಕಿಕೊಂಡು ನನ್ನ ಜೊತೆಯೇ ಬಂದರು. ಅತ್ತೆಯನ್ನು ನೋಡಿದರು, ಬಚ್ಚಲು ನೋಡಿದರು, ಬಾಗಿಲಿನ ಹೊಸ್ತಿಲು ಎಷ್ಟು ಎತ್ತರವಿದೆ ಎಂದು ನೋಡಿದರು.

"ಸೂಜಿ, ನಳಿಗಿ ಇದ್ರ ನರ್ಸ್ ಬೇಕು. ನಿಮ್ಮತ್ತಿಗೆ ಅವೆರಡೂ ಇಲ್ಲ. ಎತ್ತಾಕ, ಹೊರಳಸಾಕ, ತೊಳಿಯಾಕ, ಉಣಸಾಕ ಒಂದ್ ಹೆಣ್ಮಗಳು ಸಾಕು. ರಾತ್ರಿ ನೀ ಇರ್ತಿ. ಹಂಗಾರ ಹಗಲಿಗೆ ತಗೋ. ಆಕಿ ಮಧ್ಯಾಹ್ನ ಬೆನ್ನು ಚಾಚಾಕ ಜಾಗಾ ಎಲ್ಲಿ?"

ನಾನು ಅಡಿಗೆಮನೆಯ ನೆಲ ತೋರಿಸಿದೆ.

"ಅಲ್ಲಿ ನೀ ಮಲ್ಕೊ ಒಂದಿನ. ಹೆಂಗ ಆಕ್ಕೈತಿ ನೋಡೂಣು," ಅಂದರು. ಆ ಸಂಜೆಯೇ ನಮ್ಮ ದಿವಾನ್ ಮಂಚ ಮುಂದಿನ ಹಾಲ್‌ನಿಂದ ಅತ್ತೆಯ ಕೋಣೆಗೆ ಹೋಯಿತು. ಬರುವವಳಿಗಿಂತ ಮೊದಲು ನಮ್ಮ ಪರೀಕ್ಷೆ ನಡೆದಿತ್ತು.

ಆಮೇಲೆ ಏಜೆನ್ಸಿಯಿಂದ ಒಬ್ಬೊಬ್ಬರೇ ಬರತೊಡಗಿದರು. ಮೇಡಂ ಅದನ್ನು ಹೆಣ್ಣು ನೋಡುವ ಶಾಸ್ತ್ರದಂತೆಯೇ ನಡೆಸುತ್ತಿದ್ದರು. ಉಪ್ಪಿಟ್ಟು ಮಾಡಿಸುವರು, ಚಹಾ ಕೊಡಿಸುವರು, ಊರು ಕೇಳುವರು. ಬಂದವಳು ತಿನ್ನುವಾಗ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ನನ್ನತ್ತ ನೋಡಿ ತಲೆ ಅಲ್ಲಾಡಿಸುವರು. ಚೀಲ ಕೆಳಗಿಡದವಳು ನಿಲ್ಲುವವಳಲ್ಲ ಎಂದು ಅವರ ಲೆಕ್ಕ. ಉಪ್ಪಿಟ್ಟಿನ ನಂತರ ಮಂಚ.

ಮೊದಲು ಬಂದವಳು ಅಡಿಗೆಮನೆಯಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಮೇಡಂ ಮಲಗಿ ಬಾಯಿ ತೆರೆದು, ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟಿದ್ದರು. ಪಾಪ, ಅವಳು ಬಾಗಿಲಲ್ಲೇ ನಿಂತು, "ಅಯ್ಯಯ್ಯೋ, ಹೋಗ್ಬಿಟ್ಟವ್ರೆ!" ಎಂದು ಕೂಗಿ, ಎದುರು ಮನೆಯವರನ್ನೆಲ್ಲ ಕರೆದಳು. ಮೇಡಂ ಎದ್ದು ಕೂತು, "ಹೋಗಿಲ್ಲವಾ, ಇಲ್ಲೇ ಅದೀನಿ," ಅಂದಾಗ ಅವಳು ಇನ್ನೂ ಜೋರಾಗಿ ಕೂಗಿದಳು. ಎರಡನೆಯವಳು ಬಲಗೈ ಹಿಡಿದು ಬಕೆಟ್ ಎತ್ತಿದಂತೆ ಎಳೆದಳು. ಮೇಡಂ ಕೊಟ್ಟ ಕೂಗಿಗೆ ಈ ಸಲ ಎದುರು ಮನೆಯವರು ಕರೆಯದೆಯೇ ಬಂದರು. ಕುರ್ಚಿಯಲ್ಲಿ ಕೂತಿದ್ದ ನಮ್ಮ ಅತ್ತೆ ಅರ್ಧ ಮುಖದಲ್ಲೇ ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು.

ಮೂರನೆಯವಳು ಜಯಮ್ಮ. ಮಾಕಳಿಯ ಹಿಂದಿನ ಹಳ್ಳಿಯವಳೇ. ಊದುಬತ್ತಿ ಕಾರ್ಖಾನೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಸೇರಿದ್ದಳು. ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಬಂದು, ಚೀಲವನ್ನು ಎಲ್ಲೋ ಎಸೆದು, ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು, "ಉಪ್ಪು ವಸಿ ಕಮ್ಮಿ ಆಗದೆ," ಎಂದಳು. ಮೇಡಂ ಮುಖ ಬಿಗಿಯಾಯಿತು. ಆದರೆ ಮಂಚದ ಹತ್ತಿರ ಬಂದವಳು ಕೈ ಹಾಕುವ ಮೊದಲು, "ಎತ್ಲಾ ಅಮ್ಮಾ?" ಎಂದು ಕೇಳಿದಳು. ಉತ್ತರ ಬರುವವರೆಗೆ ಕಾದಳು. ಮೇಡಂ ಬೇಕೆಂದೇ ಇಡೀ ಮೈ ಭಾರ ಬಿಟ್ಟರು. ಜಯಮ್ಮ ಮೊಣಕಾಲನ್ನು ಮಂಚಕ್ಕೆ ಊರಿ, ಭುಜದ ಕೆಳಗೆ ಕೈ ಹಾಕಿ, ಬೈದುಕೊಳ್ಳುತ್ತಲೇ ಎತ್ತಿ ಕೂರಿಸಿದಳು.

"ಪಾಸ್," ಅಂದರು ಮೇಡಂ, ಗಡಿಯಾರ ಕಟ್ಟಿಕೊಳ್ಳುತ್ತಾ. "ಆದ್ರ ಲೇಟ್."

ಆಗ ನಮ್ಮ ಅತ್ತೆ ತೊದಲುತ್ತಾ ಏನೋ ಹೇಳಿದರು. ಹತ್ತಿರ ಹೋಗಿ ಕೇಳಿದೆ. "ಮೇಡಂ... ರೋಗಿ ಥರ ಸರಿಯಾಗಿ ಮಾಡ್ಲಿಲ್ಲ. ಕೈ ಬಿಟ್ಬಿಡ್ತಾರೆ. ನಾನಾದ್ರೆ... ಎತ್ತೋರನ್ನ ಹಿಡ್ಕೊತೀನಿ. ಭಯ ಆಗುತ್ತೆ."

ನಿಜವಾದ ರೋಗಿ ತಪ್ಪು ತೋರಿಸಿದ್ದು ಮೇಡಂಗೆ ಹಿಡಿಸಲಿಲ್ಲ. "ಪರೀಕ್ಷಾದಾಗ ಭಾರ ಬಿಡಬೇಕ್ರಿ. ಹಿಡಕೊಂಡ್ರ ಪರೀಕ್ಷಾ ಹೆಂಗ ಆಕ್ಕೈತಿ? ಗೇಟ್ ಮುಚ್ಚೈತಿ," ಎಂದು ಹೊರಟುಬಿಟ್ಟರು. ಮುಂದೆಯೂ ಎಷ್ಟೋ ಮಂಚಗಳಲ್ಲಿ ಮಲಗಿದರು, ಅತ್ತೆಯ ತಿದ್ದುಪಡಿಯನ್ನು ಒಪ್ಪಲೇ ಇಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಬದನೆಕಾಯಿ ಸೀಳುತ್ತಾ. ಅವರ ತಾಯಿ ಬಹಳ ಕಾಲ ಮಲಗಿದ್ದರಂತೆ. ಇವರು ಡ್ಯೂಟಿಗೆ ಹೋದಾಗ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟಿದ್ದರು. ಸಂಜೆ ಬಂದರೆ ತಾಯಿಯ ಮೇಲ್ತೋಳು ನೀಲಿಗಟ್ಟಿರುತ್ತಿತ್ತು. ತಾಯಿಗೆ ಮಾತಿಲ್ಲ. ಕೇಳಿದರೆ ಆ ಹೆಂಗಸು, ನಾನು ಹೊಡೆಯುತ್ತೇನಾ ಎಂದು ಅಳುವಳು. ಒಂದು ರಜೆಯ ದಿನ ಇವರೇ ಆ ಮಂಚದ ಮೇಲೆ ಮಲಗಿ, "ನನ್ನನ್ನ ಎಬ್ಬಸು, ದಿನಾ ಹೆಂಗ ಎಬ್ಬಸ್ತಿ ಹಂಗ," ಎಂದರಂತೆ. "ತಿಳೀತು ನೋಡವಾ. ಆಕಿ ಕೆಟ್ಟಾಕಿ ಅಲ್ಲ. ಎತ್ತಾಕ ಬರ್ತಿರಲಿಲ್ಲ, ಅಷ್ಟ. ಕಲಿಸಿದೆ. ಅವ್ವ ಹೋಗೋತನ ಇದ್ಲು," ಅಂದರು. ನಾನು ಏನಾದರೂ ಹೇಳುವ ಮೊದಲೇ, "ನಿಮ್ಮ ಬೆಂಗಳೂರು ಬದನಿಕಾಯಿ ಬರೀ ಬೀಜ," ಎಂದು ಮಾತು ತಿರುಗಿಸಿದರು.

ಅತ್ತೆ ಇದ್ದಷ್ಟು ಕಾಲ ಜಯಮ್ಮ ನಮ್ಮ ಮನೆಗೆ ಬಂದಳು, ದಿನವೂ ತಡವಾಗಿ. ಮೇಡಂ ದಿನವೂ ಗೇಟಿನಲ್ಲಿ ನಿಂತು ಗಡಿಯಾರ ತೋರಿಸುವರು. ಜಯಮ್ಮ, "ಆಕ್ಕಳಿ ಮೇಡಂ, ಲೇಟ್ ಅಂತ ಬರ್ಕಳಿ. ಬಸ್ಸಿನೋನಿಗೆ ನಾನೇನ್ ಎಂಡ್ತಿಯಾ, ಕಾಯಕ್ಕೆ?" ಎಂದು ನಗುತ್ತಾ ಒಳಗೆ ಹೋಗುವಳು. ಅತ್ತೆ ತೀರಿಕೊಂಡ ಮೇಲೆ ಅವಳು ನಾಗಸಂದ್ರದ ಕಡೆ ಬೇರೆ ಮನೆಗೆ ಹೋದಳು.

ಅದಾದ ಕೆಲವು ವರ್ಷಕ್ಕೆ ಮೇಡಂ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಮನೆಗೆ ಬಂದರು. ಊರಿನ ಮನೆಗಳಿಗೆಲ್ಲ ಆಳು ಆರಿಸಿದವರಿಗೆ ಈಗ ತಮ್ಮ ಮನೆಗೇ ಆಳು ಬೇಕಾಯಿತು. ಯಾರೂ ಒಗ್ಗಲಿಲ್ಲ. ಏಜೆನ್ಸಿ ಕಳಿಸಿದ ಒಬ್ಬಳು "ಅಜ್ಜಿ" ಎಂದು ಕರೆದಳೆಂದು ವಾಪಸ್. ಇನ್ನೊಬ್ಬಳ ತಲೆಗೆಣ್ಣೆಯ ವಾಸನೆಗೆ ವಾಪಸ್. ಮತ್ತೊಬ್ಬಳು ಎಲ್ಲದರಲ್ಲೂ ಸರಿಯಿದ್ದಳು, ಸರಿಯಾದ ಹೊತ್ತಿಗೂ ಬರುತ್ತಿದ್ದಳು. "ಭಾಳ ಸರಿ ಅದಾಳ. ನನಗ ಬೈಯಾಕ ಏನೂ ಸಿಗವಲ್ದು," ಎಂದು ಅವಳನ್ನೂ ಕಳಿಸಿಬಿಟ್ಟರು. ಏಜೆನ್ಸಿಯವರು ಇನ್ನು ನಮ್ಮಲ್ಲಿ ಜನ ಇಲ್ಲ ಎಂದು ಫೋನ್ ಇಟ್ಟರು.

ಅವರ ತಮ್ಮ ಹೂಡಿಯಲ್ಲಿ ಇದ್ದಾರೆ, ಐಟಿ ಕಂಪನಿಯಲ್ಲಿ ಕೆಲಸ. ಊರಿನ ಆ ತುದಿಯಿಂದ ಈ ತುದಿಗೆ ಟ್ರಾಫಿಕ್ಕಿನಲ್ಲಿ ಬಂದು ಬಂದು ಅವರಿಗೂ ಸಾಕಾಗಿತ್ತು. ಒಳ್ಳೆಯ ಮನುಷ್ಯ, ಅಕ್ಕನ ಮೇಲೆ ಪ್ರಾಣ.

"ಅಕ್ಕಾ, ಈ ವಾರದೊಳಗೆ ಯಾರಾದ್ರೂ ಒಬ್ರು ನಿಂತ್ರೆ ಸರಿ. ಇಲ್ಲಾಂದ್ರೆ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದ್ಬಿಡು. ಲಿಫ್ಟ್ ಇದೆ, ಕೆಳಗಡೆ ಪಾರ್ಕ್ ಇದೆ."

"ಪಾರ್ಕ್‌ನಾಗ ನಾ ಏನ್ ಜೋಕಾಲಿ ಆಡ್ಲಾ? ನಿಮ್ಮನಿ ಹನ್ನೊಂದನೇ ಮಾಳಗಿ. ಗೇಟ್‌ನಾಗ ಯಾರ್ ಬಂದ್ರು, ಯಾರ್ ಹೋದ್ರು, ಏನೂ ಕಾಣಂಗಿಲ್ಲ."

"ಒಬ್ಳೇ ಇದ್ದು ಮತ್ತೆ ಬಿದ್ರೆ?"

ಅದಕ್ಕೆ ಅವರು "ಗೇಟ್ ಮುಚ್ಚೈತಿ" ಎನ್ನಲಿಲ್ಲ. ಗೋಡೆಯ ಕಡೆ ತಿರುಗಿದರು. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಆ ಮನೆಯನ್ನು ಬಿಟ್ಟರೆ ಅವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ತಮ್ಮನಿಗೂ ಅನ್ನಿಸಿರಬೇಕು, ಹೊರಗೆ ಹೋಗಿ ಕಾರಿನ ಪಕ್ಕ ಸುಮ್ಮನೆ ನಿಂತಿದ್ದರು.

ನಾನು ಜಯಮ್ಮನನ್ನು ಹುಡುಕಿ ಕರೆಸಿದೆ. ಅವಳು ನೋಡಿಕೊಳ್ಳುತ್ತಿದ್ದ ನಾಗಸಂದ್ರದ ಅಜ್ಜಿ ಮಗಳ ಮನೆಗೆ ಹೋಗಿದ್ದರಿಂದ ಅವಳಿಗೂ ಕೆಲಸವಿರಲಿಲ್ಲ. ಬೆಳಿಗ್ಗೆ ಬಾ ಎಂದರೆ ಮಧ್ಯಾಹ್ನಕ್ಕೆ ಬಂದಳು. ಮೇಡಂ ಅವಳನ್ನು ಕಂಡು ಕೈ ತಿರುಗಿಸಿದರು. ಆಪರೇಷನ್ ಆದ ಮೇಲೆ ಗಡಿಯಾರ ಕಟ್ಟುತ್ತಿರಲಿಲ್ಲ, ಖಾಲಿ ಮಣಿಕಟ್ಟನ್ನೇ ನೋಡಿಕೊಂಡರು.

"ನನಗ ಯಾರೂ ಬ್ಯಾಡ. ಯಾಕ ಕರಸಿದಿ ಈಕಿನ?"

ನಾನು ಹೆಚ್ಚು ಮಾತಾಡುವವಳಲ್ಲ, ಸುಳ್ಳು ಹೇಳಲಂತೂ ಬರುವುದಿಲ್ಲ. ಆದರೂ ಹೇಳಿದೆ. "ನಿಮಗಲ್ಲ ಮೇಡಂ. ಹಿಂದಿನ ರಸ್ತೆಗೆ ಹೊಸಬರು ಬಂದಿದ್ದಾರೆ. ಅವರ ಅಮ್ಮನಿಗೆ ಜನ ಬೇಕಂತೆ. ಜಯಮ್ಮನ ಕೈ ಮೊದಲಿನ ಹಾಗೇ ಇದೆಯಾ ಅಂತ ನೀವೇ ಒಂದ್ಸಲ ಪರೀಕ್ಷೆ ಮಾಡಿ ಹೇಳ್ಬೇಕು. ಹೇಗೂ ಮಲಗಿದೀರಲ್ಲ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಕಿಟಕಿಯಾಚೆ ಹಿಂದಕ್ಕೆ ಬರುತ್ತಿದ್ದ ಲಾರಿಯನ್ನು ನೋಡಿದೆ.

"ಪರೀಕ್ಷಾ ಅಂದ್ರ ಸರಿಯಾಗಿ ಆಗಬೇಕು," ಅಂದರು ಕೊನೆಗೆ. "ಒಂದ ದಿನದಾಗ ತಿಳಿಯಂಗಿಲ್ಲ."

"ನಿಮಗೆ ಸಮಾಧಾನ ಆಗೋವರೆಗೂ ಮಾಡಿ ಮೇಡಂ."

"ಎತ್ಲಾ ಮೇಡಂ?" ಅಂದಳು ಜಯಮ್ಮ.

"ಎತ್ತು. ಭಾರ ಬಿಡ್ತೀನಿ ನೋಡು," ಅಂದರು. ಬಿಡಲಿಲ್ಲ. ಅವರ ಬೆರಳುಗಳು ಜಯಮ್ಮನ ರವಿಕೆಯ ತೋಳನ್ನು ಬಟ್ಟೆ ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದವು. ನನಗೆ ನಮ್ಮ ಅತ್ತೆಯ ಮಾತು ನೆನಪಾಯಿತು. ಜಯಮ್ಮ ಕಂಡೂ ಕಾಣದವಳಂತೆ, "ಅಬ್ಬಾ, ಏನ್ ಭಾರ ಬಿಡ್ತೀರ ಮೇಡಂ," ಎಂದು ಕೂರಿಸಿದಳು. ಸಂಜೆ ಅವಳು ಹೊರಟಾಗ ಮೇಡಂ ಫಲಿತಾಂಶ ಹೇಳಿದರು.

"ಫೇಲ್. ನಾಳೆ ಮತ್ತ ಬಾ."

ಮರುದಿನ ಸಂಜೆಯೂ ಫೇಲ್. ಅದರ ಮರುದಿನವೂ. ರಾತ್ರಿ ಮಾತ್ರ ನಾನೇ ಹೋಗಿ ಅವರ ಕೋಣೆಯಲ್ಲಿ ಮಲಗುತ್ತಿದ್ದೆ. ಗಂಜಿ ಬಿಸಿ ಜಾಸ್ತಿ ಎಂದು ಫೇಲ್, ಟಿವಿಯ ಧಾರಾವಾಹಿ ನೋಡುತ್ತಾ ಕಾಲು ಒತ್ತಿದಳೆಂದು ಫೇಲ್, ಲೇಟ್ ಎಂದು ಪ್ರತಿದಿನವೂ ಫೇಲ್. ಹಿಂದಿನ ರಸ್ತೆಯ ಹೊಸಬರ ಬಗ್ಗೆ ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ವಾರ ಕಳೆಯಿತು, ತಿಂಗಳುಗಳು ಕಳೆದವು. ತಮ್ಮ ಬಂದಾಗಲೆಲ್ಲ ಬಟ್ಟೆಯ ಪೆಟ್ಟಿಗೆ ಕಟ್ಟಬೇಕೋ ಬೇಡವೋ ಎಂದು ಕೇಳುವರು.

"ಇನ್ನೂ ಪರೀಕ್ಷಾ ನಡದೈತಿ. ಮುಗೀದ ನಾ ಹೆಂಗ ಬರ್ಲಿ?"

"ಎಷ್ಟ್ ತಿಂಗ್ಳ್ ಪರೀಕ್ಷೆ ಅಕ್ಕಾ ಇದು!"

"ಪ್ರೊಬೇಷನ್ ಅಂದ್ರ ಏನಂತ ತಿಳದಿ? ನಿಮ್ಮ ಐಟಿಯಾಗ ಇರಂಗಿಲ್ಲೇನು?"

ತಮ್ಮ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಅವರಿಗೆ ಅರ್ಥವಾಯಿತು. ಆಮೇಲೆ ಪೆಟ್ಟಿಗೆಯ ಮಾತು ಎತ್ತಲಿಲ್ಲ. ಬರುವಾಗ ಜಯಮ್ಮನಿಗೂ ಒಂದು ಸೀರೆ ತಂದರು.

ಅರ್ಥವಾಗದೆ ಉಳಿದವಳು ಜಯಮ್ಮ ಒಬ್ಬಳೇ. ದಿನವೂ ಫೇಲಾಗಿ ಅವಳಿಗೆ ರೇಗಿಹೋಗಿತ್ತು. ಒಂದು ಸಂಜೆ ನಾನೂ ಅಲ್ಲೇ ಇದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು.

"ಅಲ್ಲಾ ಮೇಡಂ, ಇಷ್ಟ್ ದಿನದಲ್ಲಿ ಒಂದಿನಾನೂ ನಾನು ನೆಟ್ಟಗೆ ಕೆಲ್ಸ ಮಾಡಿಲ್ವಾ? ಇಂಗೆ ಆದ್ರೆ ಎಂಗೆ? ಪಾಸ್ ಮಾಡಿ, ಇಲ್ದಿದ್ರೆ ಬಿಡಿ."

ಮೇಡಂ ನಿಧಾನವಾಗಿ ಕೇಳಿದರು. "ಪಾಸ್ ಮಾಡಿದ್ರ ಎಲ್ಲಿಗೆ ಹೋಗ್ತಿ?"

"ಎಲ್ಲಿಗಂದ್ರೆ? ಅದೇ, ಇಂದಿನ ರಸ್ತೆ ಮನೆಗೆ. ಈ ಅಕ್ಕನೇ ತಾನೆ ಯೋಳಿದ್ದು?"

"ಹಂಗಾರ ಫೇಲ್."

ಜಯಮ್ಮ ಸೊಂಟದಿಂದ ಕೈ ತೆಗೆದಳು. ಆಮೇಲೆ ಮೇಡಂ ಅವರ ಹೊದಿಕೆಯನ್ನು ಕಾಲಿನವರೆಗೆ ಎಳೆದು ಸರಿ ಮಾಡಿ, "ಆಗ್ಲಿ ಬಿಡಿ, ನಂಗೇನ್ ಹೊಸ್ದಾ? ಮೂರನೇ ಕ್ಲಾಸಲ್ಲೂ ಫೇಲ್ ಆಗಿದ್ನಲ್ಲ," ಎಂದು ಹೊರಗೆ ಬಂದಳು. ಗೇಟಿನಲ್ಲಿ ನನ್ನನ್ನು ಹಿಡಿದು, "ಮೊದ್ಲೇ ಯೋಳದಲ್ವಾ ಅಕ್ಕಾ," ಎಂದು ನನಗೂ ಬೈದಳು. ಅಂದಿನಿಂದ ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ತಾನೇ, "ಇವತ್ತು ಯಾತ್ರಲ್ಲಿ ಫೇಲು ಮೇಡಂ?" ಎಂದು ಕೇಳುವಳು. ಅವರು ಹುಡುಕಿ ಹುಡುಕಿ ಒಂದು ತಪ್ಪು ಹೇಳುವರು. ಕೊನೆಗೆ ತಪ್ಪು ಸಿಗದ ದಿನ, "ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದಿದ್ದಿ ನೀ," ಎಂದು ಎಷ್ಟೋ ವರ್ಷದ ಹಿಂದಿನದನ್ನು ತೆಗೆದರು.

ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಒಂದು ಮಧ್ಯಾಹ್ನ ಜಯಮ್ಮ ಗಂಜಿ ಆರಿಸುತ್ತಿದ್ದಾಗ, ಗೇಟು ಕಾಣುವ ಕಿಟಕಿಯ ಪಕ್ಕದ ತಮ್ಮ ಮಂಚದಲ್ಲೇ ಅವರು ಹೋದರು. ಹೂಡಿಗೆ ಹೋಗಲಿಲ್ಲ. ಹಟ ಅವರದೇ ಗೆದ್ದಿತು.

ಶಿವಗಣಾರಾಧನೆ ಮುಗಿದ ಮರುದಿನ ತಮ್ಮ ಮನೆ ಖಾಲಿ ಮಾಡಲು ಬಂದಿದ್ದರು. ನಾನೂ ಜಯಮ್ಮನೂ ಪಾತ್ರೆ, ಬಟ್ಟೆ ಬೇರೆ ಮಾಡುತ್ತಿದ್ದೆವು. ಮಂಚ ಮಾತ್ರ ಉಳಿದಿತ್ತು. ಜಯಮ್ಮ ಅದರ ಚೌಕಟ್ಟಿಗೆ ಒರಗಿ, "ಅವತ್ತಿನ ರಿಜಲ್ಟ್ ಯೋಳ್ದೇ ಓಗ್ಬಿಟ್ರು ಅಕ್ಕಾ," ಅಂದಳು. ಅಳುತ್ತಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ ಎನ್ನುವ ಹಾಗೆ ಹೇಳಿದಳು.

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಚದ ಮೇಲೆ ಉದ್ದಕ್ಕೆ ಮಲಗಿದೆ. ಹಾಸಿಗೆ ತೆಗೆದಿದ್ದರಿಂದ ಬೆನ್ನಿಗೆ ಹಲಗೆ ಒತ್ತಿತು. ಬಾಗಿಲಲ್ಲಿ ತಮ್ಮ ನಿಂತುಬಿಟ್ಟರು.

"ಎತ್ತು," ಅಂದೆ.

ಜಯಮ್ಮ ನನ್ನನ್ನು ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಬಂದು, ಮೊಣಕಾಲು ಊರಿ, "ಎತ್ಲಾ ಅಕ್ಕಾ?" ಅಂದಳು. ಉತ್ತರಕ್ಕೆ ಕಾದಳು.

ಮೇಡಂ ಹೇಳಿಕೊಟ್ಟ ಹಾಗೆ ಭಾರ ಬಿಡಬೇಕೆಂದೇ ಮಲಗಿದ್ದೆ. ಅವಳ ಕೈ ಬೆನ್ನಿನ ಕೆಳಗೆ ಬಂದ ಕೂಡಲೇ ನನ್ನ ಎರಡು ಕೈಗಳೂ ಅವಳ ಕುತ್ತಿಗೆಯನ್ನು ಹಿಡಿದುಕೊಂಡವು. ಅವಳು ಕೂರಿಸಿದ ಮೇಲೂ ಬಿಡಲಾಗಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

ಅವಳು ನನ್ನ ಕಿವಿಯ ಹತ್ತಿರವೇ ಕೇಳಿದಳು. "ಪಾಸಾ, ಫೇಲಾ?"

"ಫೇಲ್," ಅಂದೆ. "ನಾಳೆ ಮತ್ತೆ ಬಾ."

"ಬತ್ತೀನಿ," ಅಂದಳು ಜಯಮ್ಮ. "ಲೇಟಾಗ್ತದೆ."